ಗಾಳದ ಪದಗಳ ಕಾಗುಣಿತ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಹವ್ಯಾಸಕ್ಕಾಗಿ ಮೀನು ಹಿಡಿಯುವವರ ಪದಸಂಪತ್ತು ಎರಡು ಪದರಗಳಲ್ಲಿದೆ. ಗಾಳ, ಬೆಂಡು, ಎರೆಹುಳು, ಕೂಣಿ, ಹತ್ತುಮೀನು ಮುಂತಾದ ನೆಲದ ಮಾತುಗಳು ಒಂದು ಪದರವಾದರೆ, ರಾಡು, ರೀಲು, ಹುಕ್ಕು, ಸ್ಪೂನು, ಲೀಡರು, ಫ್ಲೈ ಎಂಬ ಇಂಗ್ಲಿಷಿನಿಂದ ಬಂದ ಮಾತುಗಳು ಇನ್ನೊಂದು ಪದರ. ಮೊದಲ ಪದರದ ಮಾತುಗಳನ್ನು ಆಡುವವರಲ್ಲಿ ಹೆಚ್ಚಿನವರಿಗೆ ಅವನ್ನು ಬರೆಯುವ ಪ್ರಸಂಗವೇ ಬಂದಿರುವುದಿಲ್ಲ. ಎರಡನೆಯ ಪದರದ ಮಾತುಗಳನ್ನು ಬರೆಯಹೊರಟವರಿಗೆ ಹೇಗೆ ಬರೆಯಬೇಕೆಂಬ ಗೊಂದಲ ಪ್ರತಿ ಸಾಲಿನಲ್ಲೂ ಎದುರಾಗುತ್ತದೆ. ಈ ಉಪನ್ಯಾಸದ ವಿಷಯ ಈ ಗೊಂದಲವೇ ಆಗಿದ್ದು, ಅದನ್ನು ಬಿಡಿಸುವ ದಾರಿ ಇಂಗ್ಲಿಷಿನ ನಿಘಂಟಿಗಿಂತ ಕನ್ನಡದ ವಿಭಕ್ತಿ ಪ್ರತ್ಯಯಗಳಲ್ಲಿಯೇ ಸಿಗುತ್ತದೆ ಎಂಬುದು ಇಲ್ಲಿನ ವಾದ.

ಫ್ಲೈ ಫಿಶಿಂಗ್ ಎಂಬುದು ಗಾಳದ ಒಂದು ವಿಶೇಷ ಪದ್ಧತಿ. ಸಾಮಾನ್ಯ ಗಾಳದಲ್ಲಿ ಎರೆಯ ಅಥವಾ ಸೀಸದ ಭಾರವೇ ದಾರವನ್ನು ನೀರಿನ ನಡುವಿಗೆ ಒಯ್ಯುತ್ತದೆ. ಫ್ಲೈ ಪದ್ಧತಿಯಲ್ಲಿ ಎರೆಗೆ ಭಾರವೇ ಇಲ್ಲದಿರುವುದರಿಂದ ದಪ್ಪನೆಯ ದಾರವನ್ನೇ ಭಾರವಾಗಿ ಮಾಡಿ, ಉದ್ದನೆಯ ಬಾಗುವ ರಾಡಿನಿಂದ ಅದನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಎಸೆಯುತ್ತಾರೆ. ದಪ್ಪ ದಾರದ ತುದಿಗೆ ಕಟ್ಟುವ ತೆಳುವಾದ ಪಾರದರ್ಶಕ ಎಳೆ ಲೀಡರು, ಅದರ ಕಟ್ಟಕಡೆಯ ಅತಿ ಸಣ್ಣ ಭಾಗ ಟಿಪ್ಪೆಟ್ಟು, ಅದಕ್ಕೆ ಕಟ್ಟಿದ ಕೃತಕ ಎರೆಯೇ ಫ್ಲೈ. ಹುಕ್ಕನ್ನು ವೈಸಿನಲ್ಲಿ ಬಿಗಿಹಿಡಿದು, ಅದರ ಮೇಲೆ ನೂಲು ಸುತ್ತುತ್ತ, ಹುಂಜದ ಕೊರಳಿನ ಗರಿ, ಮೊಲದ ರೋಮ, ಜರಿಯೆಳೆ ಮುಂತಾದವುಗಳಿಂದ ಹುಳದ ಅಥವಾ ಮರಿಮೀನಿನ ರೂಪ ತರುವ ಕೈಕೆಲಸಕ್ಕೆ ಫ್ಲೈ ಕಟ್ಟುವುದು ಎಂದು ಹೆಸರು. ಕೊರಳಿನ ಗರಿಗೆ ಹ್ಯಾಕಲ್ ಎಂದೂ, ನೂಲಿಗೆ ಹೊಸೆಯುವ ರೋಮಕ್ಕೆ ಡಬ್ಬಿಂಗ್ ಎಂದೂ, ನೀರಿನಡಿಯ ಎಳೆಹುಳವನ್ನು ಹೋಲುವ ಫ್ಲೈಗೆ ನಿಂಫ್ ಎಂದೂ ಈ ಹವ್ಯಾಸಿಗಳು ಹೇಳುತ್ತಾರೆ. ಭಾರತದಲ್ಲಿ ಈ ಕಲೆ ಮೊದಲು ಟ್ರೌಟ್ ಮೀನಿನ ಬೆನ್ನು ಹಿಡಿದು ಕಾಶ್ಮೀರ, ನೀಲಗಿರಿಗಳಂಥ ತಣ್ಣೀರಿನ ಸೀಮೆಗಳಲ್ಲಿ ಬೇರೂರಿತು; ಭದ್ರಾ, ಹೇಮಾವತಿಗಳ ಮೇಲ್ಭಾಗದಲ್ಲಿ ಟ್ರೌಟ್ ಇಲ್ಲವಾದ್ದರಿಂದ ಇಲ್ಲಿ ಅದು ಇಂದಿಗೂ ಕೆಲವರ ಹವ್ಯಾಸ ಮಾತ್ರ.

ಇಂಗ್ಲಿಷ್ ಬಲ್ಲ ಫ್ಲೈ ಕಟ್ಟುಗರ ನಡುವೆ ಕಾಗುಣಿತದ ಜಗಳಗಳು ಹಳೆಯವು. ಕಟ್ಟುವವನನ್ನು ಸೂಚಿಸುವ ಟೈಯರ್ ಎಂಬ ಪದವನ್ನು ಐ ಅಕ್ಷರದಿಂದ ಬರೆದರೆ ‘ಹಂತ’ ಎಂಬ ಅರ್ಥದ ಬೇರೊಂದು ಪದದಂತೆ ಕಾಣುತ್ತದೆಂದು ಒಂದು ಪಕ್ಷ ವೈ ಅಕ್ಷರವನ್ನು ಹಿಡಿಯುತ್ತದೆ. ವೈ ಹಾಕಿದರೆ ಬ್ರಿಟನ್ನಿನವರ ಗಾಡಿಯ ಚಕ್ರ ನೆನಪಾಗುತ್ತದೆಂದು ಇನ್ನೊಂದು ಪಕ್ಷ ಆಕ್ಷೇಪಿಸುತ್ತದೆ. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸ್ಸಿಂಗ್ ರೂಪಿಸಿದ ವುಲ್ಲಿ ಬಗ್ಗರ್ ಎಂಬ ಜನಪ್ರಿಯ ಫ್ಲೈಯ ಹೆಸರಿನಲ್ಲಿ ಎಲ್ ಒಂದೋ ಎರಡೋ ಎಂಬುದು ತೀರದ ಚರ್ಚೆ. ಮೇಯ್ನ್ ರಾಜ್ಯದ ಕ್ಯಾರಿ ಸ್ಟೀವನ್ಸ್ ಕಟ್ಟಿದ ಗ್ರೇ ಗೋಸ್ಟ್ ಅಮೆರಿಕದಲ್ಲಿ ಒಂದು ಸ್ವರದಿಂದಲೂ ಬ್ರಿಟಿಷ್ ಬರವಣಿಗೆಯಲ್ಲಿ ಇನ್ನೊಂದು ಸ್ವರದಿಂದಲೂ ಕಾಣಿಸಿಕೊಳ್ಳುತ್ತದೆ. ಹುಕ್ಕು ಹಿಡಿಯುವ ವೈಸಿಗೂ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ಕಾಗುಣಿತಗಳಿವೆ.

ಕನ್ನಡ ಲಿಪಿಗೆ ಬಂದೊಡನೆ ಈ ಜಗಳಗಳೆಲ್ಲ ತಾವಾಗಿಯೇ ಬಿದ್ದುಹೋಗುತ್ತವೆ. ಗ್ರೇ ಎಂಬುದು ಯಾವ ಸ್ವರದಿಂದ ಬಂದರೂ ಗ್ರೇ, ವೈಸ್ ಯಾವ ಅಕ್ಷರದಿಂದ ಬಂದರೂ ವೈಸ್. ಆದರೆ ಹಳೆಯ ಜಗಳ ಬಿದ್ದ ಕಡೆ ಹೊಸದೊಂದು ಏಳುವುದೂ ಉಂಟು. ಟೈಯರ್ ಎಂದು ಬರೆದುದನ್ನು ಕೊಟ್ಟಿಗೆಹಾರದ ಪಂಚರ್ ಅಂಗಡಿಯ ಮುಂದೆ ಓದಿದವನು ಲಾರಿಯ ಟಯರನ್ನಲ್ಲದೆ ಬೇರೇನನ್ನೂ ನೆನೆಯಲಾರ. ಗಾಳಗಾರನನ್ನು ಸೂಚಿಸುವ ಆ್ಯಂಗ್ಲರ್ ಎಂಬ ಪದದ ಯಕಾರವನ್ನು ಅಚ್ಚಿನ ಮನೆಯವರು ಬಿಟ್ಟರೆ ಉಳಿಯುವುದು ಆಂಗ್ಲರು, ಅಂದರೆ ಇಂಗ್ಲಿಷರು. ಭದ್ರಾ ನದಿಯ ದಡದಲ್ಲಿ ಆಂಗ್ಲರು ಕುಳಿತಿದ್ದರು ಎಂಬ ವಾಕ್ಯ ಗಾಳದ ಬರಹವನ್ನು ಚರಿತ್ರೆಯ ಪಾಠವಾಗಿಸಿಬಿಡುತ್ತದೆ. ಗಾಳಗಾರ ಎಂಬ ಮಾತು ಕೈಗೆ ಸಿಗುವಷ್ಟು ಹತ್ತಿರವಿರುವಾಗ ಈ ಪದವನ್ನು ತರುವ ಅಗತ್ಯವಾದರೂ ಏನೆಂಬುದು ಬೇರೆ ಪ್ರಶ್ನೆ.

ಕನ್ನಡದ ಸ್ವಂತ ತೊಡಕುಗಳಲ್ಲಿ ಮೊದಲನೆಯದು ಫ ಎಂಬ ಅಕ್ಷರದ್ದು. ವರ್ಣಮಾಲೆಯಲ್ಲಿ ಅದು ಪಕಾರದ ಮಹಾಪ್ರಾಣ. ಇಂಗ್ಲಿಷಿನ ಎಫ್ ಧ್ವನಿಯನ್ನು ಅದರ ಮೇಲೆ ಹೊರಿಸಿದ್ದು ಈಚಿನ ಬಳಕೆ. ಎರಡನ್ನೂ ಬೇರ್ಪಡಿಸಲು ಅಡಿಯಲ್ಲಿ ಚುಕ್ಕಿಗಳನ್ನಿಟ್ಟು ಫ಼ ಎಂದು ಬರೆಯುವ ಕ್ರಮವೂ ಇದೆ. ಮಹಾಪ್ರಾಣಗಳು ಕನ್ನಡಿಗರ ಆಡುಮಾತಿನಲ್ಲಿ ಇಲ್ಲವೆಂಬ ಕಾರಣದಿಂದ ಅವನ್ನು ಬರಹದಿಂದಲೂ ಕೈಬಿಡಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಅವರ ‘ಹೊಸಬರಹ’ದ ಕ್ರಮದಲ್ಲಿ ಫಕಾರದ ಜಾಗಕ್ಕೆ ಪಕಾರ ಬರುತ್ತದೆ. ಕಾಫಿ ಸೀಮೆಯ ಮಟ್ಟಿಗೆ ಈ ವಾದಕ್ಕೆ ದೊಡ್ಡ ಬಲವಿದೆ, ಏಕೆಂದರೆ ಈ ನಾಡಿನ ಬೆಳೆಯ ಹೆಸರನ್ನೇ ಹೆಚ್ಚಿನವರು ಕಾಪಿ ಎಂದು ಆಡುತ್ತ, ಕಾಫಿ ಎಂದು ಬರೆಯುತ್ತ ಬಂದಿದ್ದಾರೆ. ಹಾಗಿದ್ದರೂ ಗಾಳದ ಬರಹದಲ್ಲಿ ಫಕಾರವನ್ನು ಉಳಿಸಿಕೊಳ್ಳುವುದು ಲೇಸು. ಪ್ಲೈ ಎಂದು ಬರೆದರೆ ಅದು ಬಡಗಿಯ ಪ್ಲೈವುಡ್ಡಿನ ಪ್ಲೈ ಆಗುತ್ತದೆ. ಕಾಪಿ ಎಂದರೆ ಗೊಂದಲ ಹುಟ್ಟಿಸುವ ಜೊತೆಪದ ನಕಲು ಮಾಡುವ ಶಾಲೆಯ ಹುಡುಗರಿಗೆ ಮಾತ್ರ ಎದುರಾಗುತ್ತದೆ, ಆದರೆ ಪ್ಲೈ ಪ್ರತಿ ಊರಿನ ಪ್ರತಿ ಮನೆಯ ಕಪಾಟಿನಲ್ಲಿದೆ. ಚುಕ್ಕಿಯ ಫಕಾರ ಮಾತ್ರ ಬೇಡ: ಬಹುಪಾಲು ಓದುಗರು ಅದನ್ನು ಗಮನಿಸುವುದಿಲ್ಲ, ಗಮನಿಸಿದವರು ಅಚ್ಚಿನ ಕಲೆಯೆಂದು ಭಾವಿಸುತ್ತಾರೆ.

ಫಿಶಿಂಗ್ ಸರಿಯೋ ಫಿಷಿಂಗ್ ಸರಿಯೋ ಎಂಬುದು ಇಂಗ್ಲಿಷ್, ಬ್ರಿಟಿಷ್, ಸ್ಟೇಷನ್ ಎಂಬ ಪದಗಳಿಂದ ಬಂದ ಹಳೆಯ ತಗಾದೆ. ಆಡುಮಾತಿನಲ್ಲಿ ಎರಡಕ್ಕೂ ವ್ಯತ್ಯಾಸ ಉಳಿದಿಲ್ಲವಾದ್ದರಿಂದ ಒಂದು ಪುಸ್ತಕದಲ್ಲಿ ಒಂದೇ ರೂಪ ಇದ್ದರೆ ಸಾಕು.

ಹೆಚ್ಚಿನ ಗಮನ ಬೇಡುವುದು ಪದದ ಕೊನೆ. ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಹೊಸಗನ್ನಡಕ್ಕೆ ಬರುವಾಗ ಉಕಾರವನ್ನು ಪಡೆದವು. ಹಾಗೆ ಪಡೆಯುವಾಗ ಹಿಂದಿನ ಸ್ವರ ಹ್ರಸ್ವವಾಗಿದ್ದ ಒಂದಕ್ಷರದ ಪದಗಳಲ್ಲಿ ವ್ಯಂಜನ ಇಮ್ಮಡಿಯಾಯಿತು, ದೀರ್ಘವಾಗಿದ್ದಲ್ಲಿ ಆಗಲಿಲ್ಲ. ಕಲ್ ಎಂಬುದು ಕಲ್ಲು ಆಯಿತು, ಕಾಲ್ ಎಂಬುದು ಕಾಲು ಆಯಿತು. ಕಣ್ ಎಂಬುದು ಕಣ್ಣು, ನೂಲ್ ಎಂಬುದು ನೂಲು. ಈ ನಿಯಮವನ್ನು ಯಾರೂ ಕಲಿಸದೆಯೇ ಕನ್ನಡಿಗರು ಇಂಗ್ಲಿಷ್ ಪದಗಳಿಗೂ ಹಚ್ಚಿದ್ದಾರೆ. ಬಸ್ಸು, ಪೆನ್ನು ಎಂಬಲ್ಲಿ ಇಮ್ಮಡಿ ಇದೆ, ಕಾರು, ರೋಡು ಎಂಬಲ್ಲಿ ಇಲ್ಲ. ಗಾಳದ ಪದಗಳೂ ಇದೇ ಸಾಲಿನಲ್ಲಿ ನಿಲ್ಲುತ್ತವೆ: ಹುಕ್ಕು ಇಮ್ಮಡಿಯಾಗುತ್ತದೆ, ರೀಲು, ಸ್ಪೂನು, ಲೈನು ಆಗುವುದಿಲ್ಲ. ರಾಡು ಎಂಬ ಪದ ಈ ನಿಯಮಕ್ಕೆ ಚೆಲುವಾದ ಸಾಕ್ಷಿ. ಮೂಲದಲ್ಲಿ ಅದರ ಸ್ವರ ಹ್ರಸ್ವವಾದರೂ ಕನ್ನಡದ ಕಿವಿ ಅದನ್ನು ದೀರ್ಘ ಆಕಾರವಾಗಿ ಕೇಳಿಸಿಕೊಂಡಿತು. ಕೇಳಿಸಿಕೊಂಡ ಮೇಲೆ ರಾಡ್ಡು ಎನ್ನದೆ ರಾಡು ಎಂದೇ ಹೇಳಿತು. ಪದದ ತೀರ್ಮಾನ ಆಗುವುದು ಬಂದ ಭಾಷೆಯ ಉಚ್ಚಾರದಲ್ಲಲ್ಲ, ಕೇಳಿದವರ ಕಿವಿಯಲ್ಲಿ.

ಈ ಉಕಾರವನ್ನು ಅಶಿಕ್ಷಿತರ ಮಾತಿನ ಗುರುತೆಂದು ಬಗೆದು, ರಾಡ್, ರೀಲ್, ಹುಕ್ ಎಂದು ಬರೆಯುವುದೇ ಶುದ್ಧವೆಂದು ನಂಬಿರುವ ಲೇಖಕರು ಅನೇಕರಿದ್ದಾರೆ. ಅವರ ಬರಹದ ಕಷ್ಟ ಕಾಣುವುದು ಪ್ರತ್ಯಯ ಹತ್ತುವ ಹೊತ್ತಿಗೆ. ಲೀಡರ್ ಎಂಬುದಕ್ಕೆ ಚತುರ್ಥಿಯ ಗೆ ಪ್ರತ್ಯಯ ಸೇರಿಸಿದರೆ ಕನ್ನಡ ಲಿಪಿಯ ಸ್ವಭಾವದಂತೆ ರಕಾರ ಅರ್ಕಾವೊತ್ತಾಗಿ ಲೀಡರ್ಗೆ ಎಂದು ಬೆಸೆದುಕೊಳ್ಳುತ್ತದೆ. ಅದು ಕಣ್ಣಿಗೆ ಒಗ್ಗದೆ, ಅಕ್ಷರಗಳು ಬೆಸೆಯದಂತೆ ತಡೆಯುವ ಕಾಣದ ಗುರುತೊಂದನ್ನು ನಡುವೆ ಹಾಕಿ ಲೀಡರ್‌ಗೆ ಎಂದು ಬರೆಯುತ್ತಾರೆ. ಗಣಕಯಂತ್ರದ ಈ ಗುರುತು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗುವಾಗ ಕಳಚಿಹೋಗುವುದೂ, ಹುಡುಕುವವನಿಗೆ ಪದ ಸಿಗದಂತೆ ಮಾಡುವುದೂ ಅಚ್ಚಿನ ಕೆಲಸ ಬಲ್ಲವರಿಗೆಲ್ಲ ತಿಳಿದ ಸಂಗತಿ. ಲೀಡರಿಗೆ ಎಂದು ಬರೆದರೆ ಈ ಯಾವ ಆಪತ್ತೂ ಇಲ್ಲ. ಆದ್ದರಿಂದ ಹವ್ಯಾಸದ ಪದವೊಂದು ಕನ್ನಡವಾಗಿದೆಯೋ ಇಲ್ಲವೋ ಎಂಬುದಕ್ಕೆ ಇದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು: ತಡೆಗುರುತಿಲ್ಲದೆ ವಿಭಕ್ತಿ ಹತ್ತಿದರೆ ಪದ ಕನ್ನಡದ್ದು. ರಾಡಿನಲ್ಲಿ, ರೀಲಿಗೆ, ಹುಕ್ಕನ್ನು, ಟಿಪ್ಪೆಟ್ಟಿನ ಎಂಬವು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಹ್ಯಾಕಲ್, ಡಬ್ಬಿಂಗ್, ನಿಂಫ್ ಇನ್ನೂ ಹೊಸ್ತಿಲಲ್ಲಿವೆ. ಹ್ಯಾಕಲಿನ, ಡಬ್ಬಿಂಗಿಗೆ ಎಂದು ಧೈರ್ಯವಾಗಿ ಬರೆಯುವವರು ಬಂದಾಗ ಅವೂ ಒಳಗೆ ಬರುತ್ತವೆ. ಫ್ಲೈ ಎಂಬುದು ಸ್ವರದಲ್ಲೇ ಮುಗಿಯುವುದರಿಂದ ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಾಫಿ ತೋಟಗಳು ಈ ಕೆಲಸವನ್ನು ಎಂದೋ ಮಾಡಿ ಮುಗಿಸಿವೆ. ಎಸ್ಟೇಟು, ರೈಟರು, ಪಲ್ಪರು, ಪಾರ್ಚ್‌ಮೆಂಟು ಎಂಬ ಪದಗಳಿಗೆ ತೋಟದ ಕೆಲಸಗಾರರು ಪ್ರತ್ಯಯ ಹಚ್ಚುವಾಗ ತಡವರಿಸುವುದಿಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿಗೆ ಹಣ್ಣು ಹಾಕುವುದು, ಎಸ್ಟೇಟಿನಲ್ಲಿ ಕೆಲಸ ಮಾಡುವುದು, ರೈಟರನ್ನು ಕೇಳುವುದು ಇಲ್ಲಿನ ದಿನದ ಮಾತು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಸಲಹೆಗಳನ್ನು ಬೆಳೆಗಾರರಿಗೆ ಕನ್ನಡದಲ್ಲಿ ತಲುಪಿಸಬೇಕಾದವರು ಯಾರೇ ಆಗಿರಲಿ, ಈ ಆಡುಮಾತನ್ನು ಬಿಟ್ಟು ಅವರಿಗೆ ಗತಿಯಿಲ್ಲ. ಗಾಳದ ಬರಹಗಾರರು ತಮ್ಮ ಮಾದರಿಯನ್ನು ದೂರದಲ್ಲಿ ಹುಡುಕುವ ಬದಲು ಕಾಫಿ ಕಣದಲ್ಲಿ ನಿಂತು ಕಿವಿಗೊಟ್ಟರೆ ಸಾಕಾಗುತ್ತದೆ.

ಈ ಸೀಮೆಯಲ್ಲಿ ಗಾಳವನ್ನೂ ಲೇಖನಿಯನ್ನೂ ಒಟ್ಟಿಗೆ ಹಿಡಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರದು. 1938ರಲ್ಲಿ ಹುಟ್ಟಿ, ಮೂಡಿಗೆರೆಯ ಬಳಿ ಕಾಫಿ ತೋಟ ಮಾಡಿಕೊಂಡು ನೆಲೆಸಿ, 2007ರ ಏಪ್ರಿಲ್ 5ರಂದು ಅಲ್ಲಿಯೇ ತೀರಿಕೊಂಡ ಅವರು ಮೀನು ಹಿಡಿಯುವುದನ್ನು ಗಂಭೀರ ಹವ್ಯಾಸವಾಗಿ ಬೆಳೆಸಿಕೊಂಡಿದ್ದರು. ಅವರ ಅಂಡಮಾನ್ ಪ್ರವಾಸಕಥನದ ತುಂಬ ಗಾಳದ ಉತ್ಸಾಹವಿದೆ. ಇಂಗ್ಲಿಷ್ ಪದಗಳನ್ನು ಕನ್ನಡ ವಾಕ್ಯದೊಳಗೆ ಸಂಕೋಚವಿಲ್ಲದೆ ಬಳಸಿ, ಓದುಗನು ಅವನ್ನು ಪರಕೀಯವೆಂದು ಭಾವಿಸದಂತೆ ಮಾಡಿದ್ದು ಅವರ ಗದ್ಯದ ಸಾಧನೆಗಳಲ್ಲಿ ಒಂದು. ಕಾಗುಣಿತದ ವಿಷಯದಲ್ಲಿಯೂ ಅವರ ಒಲವು ಪುಸ್ತಕದ ಹೆಸರಿನಲ್ಲೇ ಕಾಣುತ್ತದೆ: 1991ರ ಕೃತಿ ‘ಪರಿಸರದ ಕತೆ’ಯೇ ಹೊರತು ಕಥೆಯಲ್ಲ. ಇನ್ನು ‘ಕರ್ವಾಲೊ’ ಕಾದಂಬರಿಯ ಹೆಸರಿನ ಕೊನೆಯ ಹ್ರಸ್ವವನ್ನು ಅಭಿಮಾನಿಗಳು ಎಳೆದು ದೀರ್ಘ ಮಾಡುತ್ತಲೇ ಬಂದಿದ್ದಾರೆ. ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅವರು ತೋರಿದ ಆಸ್ಥೆಯನ್ನು ನೆನೆದರೆ, ಮೇಲೆ ಹೇಳಿದ ತಡೆಗುರುತಿನ ಸಮಸ್ಯೆಯನ್ನು ಗಾಳದ ಹವ್ಯಾಸಿಯೂ ಯೋಚಿಸಬೇಕೆಂಬುದು ವಿಚಿತ್ರವೆನಿಸುವುದಿಲ್ಲ.

ಮೀನಿನ ಹೆಸರುಗಳಲ್ಲಿ ಅತಿ ಹೆಚ್ಚು ರೂಪಗಳಿರುವುದು ಮಹಸೀರಿಗೆ. ಮಹಸೀರ್, ಮಹಾಸೀರ್, ಮಹಶೀರ್, ಮಹಾಶೀರ್ ಎಂಬ ನಾಲ್ಕೂ ಕನ್ನಡ ಬರಹಗಳಲ್ಲಿ ಸಿಗುತ್ತವೆ. ದೊಡ್ಡ ತಲೆ ಎಂಬ ಅರ್ಥದಿಂದ ಬಂದುದೆಂದು ಕೆಲವರು, ಮೀನುಗಳ ಸಿಂಹವೆಂಬ ಪಾರಸಿ ಅರ್ಥದಿಂದ ಬಂದುದೆಂದು ಕೆಲವರು ಹೇಳುವುದರಿಂದ ಶಕಾರಕ್ಕೂ ಸಕಾರಕ್ಕೂ ಆಧಾರ ಸಿಕ್ಕಂತಾಗಿದೆ. ಇಂಥ ಪದಗಳು ನಿಘಂಟಿಗೆ ಸೇರುವ ಅವಕಾಶವೊಂದು ಹಿಂದೆ ಇತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಗ್ರಂಥ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ನೇತ್ರಾವತಿಯ ಸೀಮೆ ಅವನ ಆಡಳಿತಕ್ಕೆ ಸೇರಿತ್ತು. ಅದೇ ಮಂಗಳೂರಿನಿಂದ 1894ರಲ್ಲಿ ಕಿಟೆಲರ ನಿಘಂಟು ಹೊರಬಂತು. ಗಾಳದ ಇಂಗ್ಲಿಷ್ ಶಾಸ್ತ್ರವೂ ಕನ್ನಡದ ಮಹಾನಿಘಂಟೂ ಇಪ್ಪತ್ತು ವರ್ಷಗಳ ಆಚೆಈಚೆ ಒಂದೇ ಊರಿನಿಂದ ಬಂದಿದ್ದರೂ ಒಂದರ ಪದಗಳು ಇನ್ನೊಂದಕ್ಕೆ ದಾಟಲಿಲ್ಲ ಎಂಬುದು ಹವ್ಯಾಸದ ಭಾಷೆಗೆ ಯಾರೂ ಬೆಲೆ ಕೊಡದ ಕಾಲದ ಸಹಜ ಫಲ. ನಾಲ್ಕು ರೂಪಗಳ ಪೈಕಿ ಮಹಸೀರ್ ಎಂಬುದನ್ನು ಹಿಡಿಯುವುದು ಮೇಲು, ವ್ಯುತ್ಪತ್ತಿಯ ಕಾರಣಕ್ಕಲ್ಲ, ಮಹಸೀರಿಗೆ, ಮಹಸೀರನ್ನು ಎಂದು ಅದು ಸಲೀಸಾಗಿ ನಡೆಯುತ್ತದೆಂಬ ಕಾರಣಕ್ಕೆ. ಮಹಾ ಎಂಬ ದೀರ್ಘವನ್ನು ಸೇರಿಸುವುದು ಸಂಸ್ಕೃತದ ಗೌರವವನ್ನು ಮೀನಿಗೆ ತೊಡಿಸುವ ಆಸೆಯಷ್ಟೆ. ಕಾವೇರಿಯ ಕಡೆ ಇದೇ ಮೀನಿಗೆ ಬಿಳಿಮೀನು ಎಂಬ ಹೆಸರಿದೆ. ಶೃಂಗೇರಿಯಲ್ಲಿ ಮಠದ ಮುಂದಿನ ತುಂಗೆಯಲ್ಲಿ ಭಕ್ತರು ಮಂಡಕ್ಕಿ ಹಾಕುವ ಮೀನುಗಳು ದೇವರ ಮೀನುಗಳು, ಅವಕ್ಕೆ ಗಾಳದ ಮಾತೇ ಇಲ್ಲ.

ವಿಜ್ಞಾನದ ಹೆಸರುಗಳಿಗೆ ಕಾಗುಣಿತದ ಕಾಯಿದೆಯೇ ಇದೆ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಮೊದಲು ಪ್ರಕಟವಾದ ರೂಪವನ್ನು ಸಾಮಾನ್ಯವಾಗಿ ಹಾಗೆಯೇ ಉಳಿಸಿಕೊಳ್ಳಬೇಕು. ದಖ್ಖನ್ನಿನ ಮೀನುಗಳನ್ನು ಕುರಿತು 1839ರಲ್ಲಿ ಬರೆದ ಸೈಕ್ಸ್ ಎಂಬಾತ, ಸ್ಥಳೀಯ ಹೆಸರುಗಳನ್ನು ತನಗೆ ಕೇಳಿಸಿದಂತೆ ಲ್ಯಾಟಿನ್ ಲಿಪಿಗಿಳಿಸಿದ ಖುದ್ರೀ, ಮುಸ್ಸುಲ್ಲಾ ಎಂಬ ರೂಪಗಳು ಇಂದಿಗೂ ಹಾಗೆಯೇ ಉಳಿದಿವೆ. ಕಾವೇರಿಯ ಬೆನ್ನುಬ್ಬಿನ ಮಹಸೀರಿನ ಕತೆ ಇನ್ನೂ ಸ್ವಾರಸ್ಯದ್ದು. ಕಾವೇರಿಗೆ ಸೇರುವ ಕೇರಳದ ಪಾಂಬಾರ್ ನದಿಯಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಐ ಎಂಬ ಪ್ರಭೇದವೇ ಇದು ಎಂದು 2018ರ ಅಧ್ಯಯನ ತೋರಿಸಿತು. ಆ ಹೆಸರು ಮಹಿಳಾ ವಿಜ್ಞಾನಿಯೊಬ್ಬರ ಗೌರವಾರ್ಥವಾದ್ದರಿಂದ ಲ್ಯಾಟಿನ್ ವ್ಯಾಕರಣದಂತೆ ಸ್ತ್ರೀಲಿಂಗದ ಪ್ರತ್ಯಯ ಬರಬೇಕಿತ್ತು, ಬಂದಿರುವುದು ಪುಲ್ಲಿಂಗದ್ದು. ತಪ್ಪೆಂದು ಗೊತ್ತಿದ್ದೂ ಅದೇ ರೂಪ ಬಳಕೆಯಲ್ಲಿದೆ. ಪ್ರಪಂಚದಲ್ಲಿ ಅಳಿವಿನ ಅಂಚಿನಲ್ಲಿರುವ ಮೀನೊಂದರ ಹೆಸರಿನ ಲಿಂಗ ಯಾವುದೆಂಬುದಕ್ಕಿಂತ ಅದರ ಹೊಳೆಯ ನೀರು ಹೇಗಿದೆಯೆಂಬುದು ದೊಡ್ಡ ವಿಷಯವೆಂಬುದರಲ್ಲಿ ಸಂಶಯವಿಲ್ಲವಾದರೂ, ಹೆಸರು ಸ್ಥಿರವಾಗಿದ್ದಾಗಲೇ ರಕ್ಷಣೆಯ ಪಟ್ಟಿಗೆ ಅರ್ಥ ಬರುತ್ತದೆ ಎಂಬುದನ್ನೂ ಮರೆಯಲಾಗದು.

ಫ್ಲೈ ಕಟ್ಟುವವರ ಪದಕೋಶದಲ್ಲಿ ಈ ಬೆಟ್ಟಗಳಿಂದಲೇ ಹೋದ ಒಂದು ಪದಾರ್ಥವೂ ಇದೆ. ಪಶ್ಚಿಮ ಘಟ್ಟದ ತೋಟದಂಚುಗಳಲ್ಲಿ ಕೂಗುವ ಬೂದು ಕಾಡುಕೋಳಿಯ ಹುಂಜದ ಕೊರಳ ಗರಿಗಳಲ್ಲಿ ಅರಗಿನಂತೆ ಹೊಳೆಯುವ ಚುಕ್ಕಿಗಳಿರುತ್ತವೆ. ಜಾಕ್ ಸ್ಕಾಟ್ ಎಂಬ ಹೆಸರಾಂತ ಸಾಲ್ಮನ್ ಫ್ಲೈಯ ಪಕ್ಕಗಳಿಗೆ ಕೂರಿಸುತ್ತಿದ್ದುದು ಇದೇ ಗರಿಯನ್ನು. ಇಂಗ್ಲಿಷಿನಲ್ಲಿ ಇದನ್ನು ಜಂಗಲ್ ಕಾಕ್ ಎನ್ನುತ್ತಾರೆ, ಎರಡು ಪದವಾಗಿ ಬರೆಯಬೇಕೋ ಒಂದಾಗಿಯೋ ಎಂದು ಅಲ್ಲಿಯೂ ಏಕಾಭಿಪ್ರಾಯವಿಲ್ಲ. ಕನ್ನಡ ಲೇಖಕನು ಜಂಗಲ್‌ಕಾಕ್ ಎಂದು ಬರೆದು ಕಾಡುಕೋಳಿಯನ್ನು ಮರೆತರೆ ಅದು ಕ್ಷಮಾರ್ಹವಲ್ಲ. ಗರಿಯ ರಫ್ತನ್ನು ಭಾರತ 1960ರ ದಶಕದಲ್ಲಿ ತಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಹಕ್ಕಿಯನ್ನು ಬೇಟೆಯಾಡುವುದು ಅಪರಾಧ. ಹವ್ಯಾಸಿಗಳಲ್ಲಿ ಕೆಲವರು ಈಗ ಸಾಕಿದ ಹುಂಜದ ಗರಿಗೇ ಬಣ್ಣ ಹಾಕಿಕೊಳ್ಳುತ್ತಾರೆ.

ನೆಲದ ಪದಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಮೊದಲ ಮಳೆಗೆ ಹೊಳೆಯಿಂದ ಹಳ್ಳ, ತೋಡು, ಗದ್ದೆಗಳಿಗೆ ಪ್ರವಾಹದ ವಿರುದ್ಧ ಏರಿಬರುವ ಮೀನಿಗೆ ಮಲೆನಾಡಿನಲ್ಲಿ ಹತ್ತುಮೀನು ಎನ್ನುತ್ತಾರೆ. ಅಚ್ಚಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಟ್ಟರೆ ಅದು ಎಣಿಸಿದ ಹತ್ತು ಮೀನು. ಕೂಡಿಸಿ ಬರೆದರೆ ಮಾತ್ರ ಹತ್ತುವ ಮೀನು. ಇದನ್ನು ಬರಿಯ ಮುದ್ರಣದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಮೊಟ್ಟೆಯಿಡಲು ಏರುವ ಮೀನನ್ನು ಹಿಡಿಯಬೇಕೋ ಬಿಡಬೇಕೋ ಎಂಬ ಚರ್ಚೆಯೆಲ್ಲ ಈ ಒಂದು ಪದದ ಸುತ್ತ ಇದೆ. ಗಾಳಕ್ಕೆ ಕರಾವಳಿಯ ಕಡೆ ಗಾಣ ಎಂಬ ಉಚ್ಚಾರವೂ ಇದ್ದು, ಬಯಲುಸೀಮೆಯ ಓದುಗನಿಗೆ ಅದು ಎಣ್ಣೆಯ ಗಾಣವಾಗಿ ತೋರುತ್ತದೆ. ಬಿದಿರಿನ ಮೀನುಬುಟ್ಟಿಯಾದ ಕೂಳಿಯೂ ಹೀಗೆಯೇ ಳಕಾರ ಣಕಾರಗಳ ನಡುವೆ ಓಡಾಡಿ ಮಲೆನಾಡಿನಲ್ಲಿ ಕೂಣಿಯಾಗಿದೆ. ಇವುಗಳಲ್ಲಿ ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಅಶುದ್ಧವೆಂದೂ ತೀರ್ಪು ಕೊಡುವ ಆತುರ ಬೇಡ. ಭದ್ರಾ ದಂಡೆಯ ಊರೇ ಕಳಸ ಎಂದು ಬರೆಸಿಕೊಳ್ಳುತ್ತ, ತನ್ನ ದೇವರನ್ನು ಕಲಶೇಶ್ವರ ಎಂದು ಬರೆಯುತ್ತದೆ. ಅದರಿಂದ ಊರಿಗೂ ದೇವರಿಗೂ ಯಾವ ತೊಂದರೆಯೂ ಆಗಿಲ್ಲ. 2014ರ ನವೆಂಬರ್ 1ರಂದು ಸರ್ಕಾರ ಚಿಕ್ಕಮಗಳೂರು ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಕ್ಕೆ ಹೊಂದಿಸಿದಾಗಲೂ ಬದಲಾದದ್ದು ಇಂಗ್ಲಿಷ್ ಫಲಕಗಳು ಮಾತ್ರ.

ಮೂಡಿಗೆರೆಯ ಸುತ್ತಿನ ನೆಲ ಮೂರು ಕಡೆಗೆ ನೀರು ಹರಿಸುತ್ತದೆ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಯನ್ನು, ಕಳಸವನ್ನು ಬಳಸಿ ಹೋಗುವ ಭದ್ರಾ ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಕೂಡುತ್ತವೆ. ಘಟ್ಟದ ಪಡುವಣ ಇಳಿಜಾರಿನ ಹಳ್ಳಗಳು ನೇತ್ರಾವತಿಗೆ ಇಳಿಯುತ್ತವೆ. ಮೂರೂ ಜಲಾನಯನಗಳಲ್ಲಿ ಮೀನುಗಳು ಬೇರೆ, ಮೀನಿನ ಹೆಸರುಗಳೂ ಬೇರೆ. ಆ ಹೆಸರುಗಳನ್ನು ಬಲ್ಲವರ ತಲೆಮಾರು ಕರಗುತ್ತಿದೆ. ಫ್ಲೈ ಕಟ್ಟುವ ಹೊಸ ಹವ್ಯಾಸಿಗಳು ಓದುಬರಹ ಬಲ್ಲವರು, ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕಳೆಯುವವರು. ಅವರು ವುಲ್ಲಿ ಬಗ್ಗರಿನ ಎಲ್‌ಗಳನ್ನು ಎಣಿಸುವುದನ್ನು ಬಿಟ್ಟು, ತಮ್ಮ ಊರಿನ ಹಿರಿಯರಿಂದ ಮೀನುಗಳ, ಬಲೆಗಳ, ಗಾಳದ ಗಂಟುಗಳ ಹೆಸರುಗಳನ್ನು ಕೇಳಿ, ಕೇಳಿದ ಊರನ್ನೂ ಹೊಳೆಯನ್ನೂ ನಮೂದಿಸಿ, ಬಾಯಲ್ಲಿ ಬಂದ ರೂಪದಲ್ಲೇ ಬರೆದಿಡಬೇಕು. ತಿದ್ದುವ ಕೆಲಸ ನಿಘಂಟುಕಾರರಿಗೆ ಇರಲಿ.